ಗೆರೆ ಉಬ್ಬಿದೆಯಾ, ತಗ್ಗಿದೆಯಾ?

"ಒಳ್ಳೆ ನಾಣ್ಯ ಸಾರ್, ಆದ್ರೆ ಸೀಳಿಬಿಟ್ಟಿದೆ" ಎನ್ನುತ್ತಾ ಒಬ್ಬರು ಮೆಕ್ಸಿಕೋದ 8 ರೆಯಾಲ್ ಬೆಳ್ಳಿ ನಾಣ್ಯವನ್ನು ನನ್ನ ಮೇಜಿನ ಮೇಲಿಟ್ಟರು. ಒಂದು ಕಡೆ ಹಾವು ಹಿಡಿದ ಹದ್ದು, ಇನ್ನೊಂದು ಕಡೆ ಸುತ್ತಲೂ ಕಿರಣ ಚೆಲ್ಲುವ ಟೋಪಿ. 1823ರಿಂದ 1897ರವರೆಗೆ ಟಂಕಿಸಿದ ಮಾದರಿ ಇದು. ಅಂಚಿನಿಂದ ಹೊರಟ ಕೂದಲೆಳೆಯಂಥ ಗೆರೆಯೊಂದು ಎರಡು ಅಕ್ಷರ ದಾಟಿ ಕಿರಣಗಳ ನಡುವೆ ಮಾಯವಾಗಿತ್ತು.

ಲ್ಯಾಂಪನ್ನು ಎಡಗಡೆ ತಗ್ಗಿಸಿ, ಬೆಳಕು ಓರೆಯಾಗಿ ಬೀಳುವಂತೆ ಮಾಡಿ ಲೂಪ್ (ಪುಟ್ಟ ಭೂತಗನ್ನಡಿ) ಹಿಡಿದೆ. ಗೆರೆಯ ನೆರಳು ಅದರ ಬಲಕ್ಕೆ ಬಿದ್ದರೆ ಉಬ್ಬು. ಗೆರೆಯೊಳಗೇ ಎಡ ಅಂಚಿಗೆ ಅಂಟಿಕೊಂಡರೆ ತಗ್ಗು, ಅಂದರೆ ಗೀರು. (ಉಗುರಲ್ಲಿ ಕೆರೆದು ನೋಡಬೇಡಿ, ದಯವಿಟ್ಟು.)

ಇದು ಉಬ್ಬು. ಸೀಳಿದ್ದು ನಾಣ್ಯ ಅಲ್ಲ, ಅದನ್ನು ಹೊಡೆದ ಅಚ್ಚು. ಉಕ್ಕಿನ ಅಚ್ಚನ್ನು ಕಾಸಿ, ತಟ್ಟನೆ ತಣಿಸಿ ಗಟ್ಟಿ ಮಾಡುತ್ತಿದ್ದರು. ಹದ ತಪ್ಪಿದರೆ ಉಕ್ಕು ಪೆಡಸು. ಅದರ ಮೇಲೆ ಸಾವಿರಾರು ಹೊಡೆತ. ಅಕ್ಷರ ಕೊರೆದ ಜಾಗ ಮೊದಲೇ ಸೋತಿರುತ್ತದೆ, ಹಾಗಾಗಿ ಬಿರುಕು ಅಕ್ಷರದಿಂದ ಅಕ್ಷರಕ್ಕೆ ಹಾಯುತ್ತದೆ. ಹೊಡೆತಕ್ಕೆ ಬೆಳ್ಳಿ ಆ ಸಂದಿಗೂ ನುಗ್ಗಿ ಉಬ್ಬುಗೆರೆಯಾಗುತ್ತದೆ. ಅಚ್ಚಿನ ಅಂಚಿನ ಚೂರೇ ಕಳಚಿದರೆ ನಾಣ್ಯದ ಅಂಚಿನಲ್ಲಿ ಅಕ್ಷರದ ಬದಲು ಬೆಳ್ಳಿಯ ಗುಡ್ಡೆ!

ಆ ಕಾಲದ ಮೆಕ್ಸಿಕೋದಲ್ಲಿ ಸಕಾಟೆಕಾಸ್, ಗ್ವಾನಹ್ವಾತೊ ಥರದ ಗಣಿ ಊರುಗಳಲ್ಲೇ ಟಂಕಸಾಲೆಗಳಿದ್ದವು. ಬಿರುಕು ಬಿಟ್ಟ ಅಚ್ಚನ್ನು ಅವರು ಕೂಡಲೇ ಎಸೆಯುತ್ತಿರಲಿಲ್ಲ. ಒಂದೇ ಅಚ್ಚಿನ ಎರಡು ನಾಣ್ಯ ಸಿಕ್ಕರೆ ನೋಡಿ, ಒಂದರಲ್ಲಿ ಗೆರೆ ಗಿಡ್ಡ, ಇನ್ನೊಂದರಲ್ಲಿ ಉದ್ದ. ಉದ್ದದ್ದು ಆಮೇಲೆ ಹೊಡೆದದ್ದು. ನನಗಂತೂ ಈ ಹೋಲಿಕೆಯ ಆಟವೇ ಜಾಸ್ತಿ ಇಷ್ಟ.

"ಬಿರುಕಿದ್ದರೆ ಅಸಲಿ ಅಂತಲೇ ಅರ್ಥ ಅಲ್ವಾ?" ಎಂದರು ಬಂದವರು. ಹಾಗೇನಿಲ್ಲ. ಅಸಲಿ ನಾಣ್ಯದಿಂದ ಎರಕ ತೆಗೆದ ನಕಲಿಯಲ್ಲಿ ಬಿರುಕೂ ಹಾಗೇ ಬರುತ್ತದೆ, ಸ್ವಲ್ಪ ಮೊಂಡಾಗಿ. ತೂಕ ಸುಮಾರು 27 ಗ್ರಾಂ ಇರಬೇಕು. ಇವರದ್ದು 26.9 ತೂಗಿತು, ಗೆರೆಯೂ ಚೂಪಾಗಿತ್ತು. ಬಿರುಕಿನಿಂದ ಇದರ ಬೆಲೆ ಅಷ್ಟೇನೂ ಇಳಿಯಲ್ಲ ಎಂದೆ. ಅವರ ಮುಖ ಅರಳಿತು.

ಆದರೆ ಅದೇ ಓರೆ ಬೆಳಕಿನಲ್ಲಿ ಹದ್ದಿನ ಸುತ್ತ ನೂರಾರು ಸಣ್ಣ ಗೆರೆ ಕಂಡವು. ಎಲ್ಲವೂ ತಗ್ಗು.

"ಇದನ್ನು ಉಜ್ಜಿದ್ರಾ?"

"ಹೂಂ ಸಾರ್, ಕಪ್ಪಾಗಿತ್ತು ಅಂತ ಹುಣಸೆಹಣ್ಣು ಹಾಕಿ."