ಬಾಲ್ಕನಿ ರೇಲಿಂಗ್: ಗಾಜೋ, ಲೋಹವೋ? ಮೊದಲು ಬುಡ ನೋಡಿ

ಮನೆ ಕಟ್ಟಿಸುವವರು ಬಾಲ್ಕನಿ ರೇಲಿಂಗ್ ಬಗ್ಗೆ ಕೇಳುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಟೈಲ್ಸ್ ಕೆಲಸ ಮುಗಿದಿರುತ್ತದೆ, ಪೇಂಟ್ ನಡೆಯುತ್ತಿರುತ್ತದೆ, ಗೃಹಪ್ರವೇಶದ ಮುಹೂರ್ತವೂ ಇಟ್ಟಾಗಿರುತ್ತದೆ. ಆಗ ಫೋನಿನಲ್ಲಿ ನಾಲ್ಕು ಫೋಟೊ ತೋರಿಸಿ, "ಗ್ಲಾಸ್ ಹಾಕಿಸೋಣ್ವಾ, ಸ್ಟೀಲ್ ಹಾಕಿಸೋಣ್ವಾ ಸಾರ್?" ಅನ್ನುತ್ತಾರೆ. ಅದಕ್ಕೆ ಉತ್ತರ ಇದೆ, ಮುಂದೆ ಹೇಳುತ್ತೇನೆ. ಆದರೆ ಅಷ್ಟು ಹೊತ್ತಿಗೆ ಅದಕ್ಕಿಂತ ದೊಡ್ಡ ತೀರ್ಮಾನ ಕೈತಪ್ಪಿರುತ್ತದೆ. ರೇಲಿಂಗ್ ಸ್ಲ್ಯಾಬನ್ನು ಹೇಗೆ ಹಿಡಿದುಕೊಳ್ಳುತ್ತದೆ ಎಂಬುದು ಕಾಂಕ್ರೀಟ್ ಹಾಕುವ ಮೊದಲೇ ಗೊತ್ತಾಗಬೇಕು.

ಯಾಕೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಕಟ್ಟಡದ ಮೇಲೆ ಬೀಳುವ ಭಾರದ ಲೆಕ್ಕಕ್ಕೆ ನಾವು ಬಳಸುವುದು ಐಎಸ್ 875 ಎಂಬ ಭಾರತೀಯ ಮಾನಕ. ಮನೆಯ ಖಾಸಗಿ ಬಾಲ್ಕನಿಯ ರೇಲಿಂಗ್ ಪ್ರತಿ ಮೀಟರ್ ಉದ್ದಕ್ಕೆ ಸುಮಾರು 35 ಕೆಜಿಯಷ್ಟು ಅಡ್ಡ ಒತ್ತಡ ತಾಳಬೇಕು ಎಂದು ಅದು ಹೇಳುತ್ತದೆ. ಇತರ ಸಾಮಾನ್ಯ ಬಾಲ್ಕನಿಗೆ, ತಾರಸಿಯ ರೇಲಿಂಗಿಗೆ ಸುಮಾರು 75 ಕೆಜಿ. ನಾನು ಮನೆಗೂ 75 ಅನ್ನೇ ಹಿಡಿಯುತ್ತೇನೆ. ಬೀದಿಯಲ್ಲಿ ಗಣೇಶನ ಮೆರವಣಿಗೆ ಬಂದಾಗ ಮನೆಮಂದಿಯೆಲ್ಲ ಒಟ್ಟಿಗೆ ರೇಲಿಂಗಿಗೆ ಒರಗಿ ಬಗ್ಗುತ್ತಾರೆ, ಅಲ್ವಾ? ಒಂದು ಮೀಟರ್ ಎತ್ತರದಲ್ಲಿ 75 ಕೆಜಿ ತಳ್ಳಿದರೆ ಅದು ಬುಡದಲ್ಲಿ ಹಾರೆ ಹಾಕಿ ಕಲ್ಲು ಮೀಟಿದ ಹಾಗೆ ಕೆಲಸ ಮಾಡುತ್ತದೆ. ಕಂಬಗಳ ನಡುವೆ ಒಂದು ಮೀಟರ್ ಅಂತರವಿದ್ದು, ಬುಡದ ಪ್ಲೇಟಿನ ಅಂಚಿನಿಂದ ಬೋಲ್ಟಿಗೆ 8 ಸೆಂಟಿಮೀಟರ್ ದೂರ ಇದ್ದರೆ, ಆ ಬೋಲ್ಟುಗಳ ಮೇಲೆ ಬೀಳುವ ಎಳೆತ 900 ಕೆಜಿಗೂ ಜಾಸ್ತಿ.

ಈಗ ಆ ಬೋಲ್ಟ್ ಎಲ್ಲಿ ಕೂತಿದೆ ನೋಡಿ. ಮೇಲೆ ಟೈಲ್ ಅಥವಾ ಗ್ರಾನೈಟ್. ಅದರ ಕೆಳಗೆ ಇಳಿಜಾರಿಗೆಂದು ಹಾಕಿದ ಎರಡು ಇಂಚು ಗಾರೆ. ಅದರ ಕೆಳಗೆ ವಾಟರ್‌ಪ್ರೂಫಿಂಗ್, ಆಮೇಲೆ ಸ್ಲ್ಯಾಬ್. ನಾಲ್ಕಿಂಚಿನ ಬೋಲ್ಟ್ ಇಷ್ಟೆಲ್ಲ ದಾಟಿ ನಿಜವಾದ ಕಾಂಕ್ರೀಟಿಗೆ ಹೋಗುವುದು ಒಂದಿಂಚೋ ಏನೋ. ಉಳಿದದ್ದೆಲ್ಲ ಗಾರೆಯಲ್ಲೇ. ಹೊಸದರಲ್ಲಿ ರೇಲಿಂಗ್ ಗಟ್ಟಿಯಾಗಿಯೇ ಇರುತ್ತದೆ. ಒಂದೆರಡು ವರ್ಷ ಬಿಸಿಲು ಮಳೆ ತಿಂದ ಮೇಲೆ ಅಲುಗಾಡತೊಡಗುತ್ತದೆ. ಜೊತೆಗೆ ಕೊರೆದ ಪ್ರತಿ ತೂತೂ ವಾಟರ್‌ಪ್ರೂಫಿಂಗನ್ನು ಹರಿದಿರುತ್ತದೆ. ಅಲ್ಲಿಂದ ಇಳಿದ ನೀರು ಸ್ಲ್ಯಾಬಿನೊಳಗಿನ ಕಂಬಿಗೆ ತುಕ್ಕು ಹಿಡಿಸುತ್ತದೆ. ಹೊರಚಾಚಿದ ಸ್ಲ್ಯಾಬಿನಲ್ಲಿ ಮುಖ್ಯ ಕಂಬಿ ಇರುವುದೇ ಮೇಲ್ಭಾಗದಲ್ಲಿ, ತೂತು ಕೊರೆಯುವ ಕಡೆಯಲ್ಲೇ.

ಹಾಗಾಗಿ ನನ್ನ ಸಲಹೆ ಹೀಗೆ. ಬಾಲ್ಕನಿ ಅಂಚಿಗೆ ಆರಿಂಚು ಅಗಲ, ಆರಿಂಚು ಎತ್ತರದ ಆರ್‌ಸಿಸಿ ಕಟ್ಟೆಯೊಂದನ್ನು ಸ್ಲ್ಯಾಬಿನ ಕಂಬಿಗೆ ಸೇರಿಸಿ ಎರಕ ಹಾಕಿಸಿ. ಕಂಬ ಬರುವ ಜಾಗದಲ್ಲಿ ಕಂಬಿ ಬೆಸೆದ ಸ್ಟೀಲ್ ಪ್ಲೇಟನ್ನು ಆಗಲೇ ಹುಗಿಸಿ. ವಾಟರ್‌ಪ್ರೂಫಿಂಗ್ ಕಟ್ಟೆಯ ಒಳಮೈ ಹತ್ತಿ ನಿಲ್ಲುತ್ತದೆ, ಅದನ್ನು ಯಾರೂ ತೂತು ಮಾಡಬೇಕಾಗಿಲ್ಲ. ಬಾಲ್ಕನಿ ತೊಳೆದ ನೀರು ಕೆಳಮನೆಯವರ ಬಟ್ಟೆ ಮೇಲೆ ಬೀಳುವುದಿಲ್ಲ. ಮನೆ ಆಗಲೇ ಕಟ್ಟಿಯಾಗಿದ್ದರೆ ಟೈಲ್, ಗಾರೆ ಬಿಡಿಸಿ ಸ್ಲ್ಯಾಬಿನವರೆಗೆ ಹೋಗಿ ಕೆಮಿಕಲ್ ಆ್ಯಂಕರ್, ಅಂದರೆ ತೂತಿನೊಳಗೆ ಅಂಟು ತುಂಬಿ ಕೂರಿಸುವ ಬೋಲ್ಟ್, ಹಾಕಿಸಿ, ಸುತ್ತ ವಾಟರ್‌ಪ್ರೂಫಿಂಗ್ ಮತ್ತೆ ಮಾಡಿಸಿ. ಸ್ಲ್ಯಾಬಿನ ಪಕ್ಕದ ಮುಖಕ್ಕೆ ಬೋಲ್ಟ್ ಹೊಡೆಯುವ ಪದ್ಧತಿಯೂ ಇದೆ. ಐದಿಂಚಿನ ಸ್ಲ್ಯಾಬಿನ ಅಂಚು ಒಡೆಯುವುದು ಸುಲಭ, ಎಂಜಿನಿಯರ್ ನೋಡಿ ಒಪ್ಪದೆ ಅದನ್ನು ಮಾಡಿಸಬೇಡಿ.

ಎತ್ತರದ ಮಾತು. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಬಾಲ್ಕನಿ ತಡೆಯ ಎತ್ತರ ನೆಲದಿಂದ ಕನಿಷ್ಠ 1 ಮೀಟರ್, ಹೆಚ್ಚೆಂದರೆ 1.2 ಮೀಟರ್. ಆರಿಂಚಿನ ಕಟ್ಟೆ ಇದ್ದರೆ ಮಗು ಅದರ ಮೇಲೆ ನಿಲ್ಲುತ್ತದೆ, ಹಾಗಾಗಿ ಒಂದು ಮೀಟರನ್ನು ಕಟ್ಟೆಯ ಮೇಲಿನಿಂದ ಅಳೆಯಿರಿ. ಟೇಪ್ ಹಿಡಿಯುವುದೂ ಟೈಲ್ ಹಾಕಿದ ಮೇಲೆ. ಎರಡು ಮೂರು ಇಂಚು ಅಲ್ಲೇ ಕಳೆದುಹೋಗಿರುತ್ತದೆ.

ಇನ್ನು ಗಾಜು. ರೇಲಿಂಗಿಗೆ ಸಾದಾ ಗಾಜು ಹಾಕುವ ಮಾತೇ ಇಲ್ಲ, ಟಫನ್ಡ್ ಗಾಜೇ ಬೇಕು ಎಂದು ಎಲ್ಲರಿಗೂ ಗೊತ್ತಿದೆ. ಕಾಯಿಸಿ, ತಣ್ಣನೆ ಗಾಳಿ ಊದಿ ತಯಾರಿಸಿದ ಈ ಗಾಜು ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಗಟ್ಟಿ. ಒಡೆದರೆ ಚೂಪು ಚೂರಾಗದೆ ಕಾಳಿನಂತೆ ಉದುರುತ್ತದೆ. ಅಂಗಡಿಯವರು ಇದನ್ನೇ ದೊಡ್ಡದಾಗಿ ಹೇಳುತ್ತಾರೆ. ಬಾಲ್ಕನಿಯಲ್ಲಿ ನನ್ನ ಚಿಂತೆ ಇರುವುದು ಇಲ್ಲೇ. ಒಂಟಿ 12 ಮಿಲಿಮೀಟರ್ ಟಫನ್ಡ್ ಗಾಜು ಒಡೆದರೆ ಇಡೀ ತಡೆಯೇ ಒಂದು ಕ್ಷಣದಲ್ಲಿ ಇಲ್ಲವಾಗುತ್ತದೆ. ಅದಕ್ಕೆ ಒರಗಿ ನಿಂತವರ ಗತಿ? ಕೆಳಗೆ ನಡೆಯುವವರ ತಲೆ? ಗಾಜಿನೊಳಗೆ ಉಳಿದ ನಿಕ್ಕಲ್ ಸಲ್ಫೈಡಿನ ಕಣದಿಂದ ಯಾರೂ ಮುಟ್ಟದೆಯೂ ಟಫನ್ಡ್ ಗಾಜು ಒಡೆಯಬಹುದು, ಹಾಕಿ ವರ್ಷಗಳಾದ ಮೇಲೂ. ಕಾರ್ಖಾನೆಯಲ್ಲೇ ಮತ್ತೊಮ್ಮೆ ಕಾಯಿಸಿ ಅಂಥ ಗಾಜನ್ನು ಮೊದಲೇ ಒಡೆಸಿಬಿಡುವ ಹೀಟ್ ಸೋಕ್ ಪರೀಕ್ಷೆ ಇದೆ. ನಾವು ಕೇಳದೆ ಯಾರೂ ಮಾಡಿಸಿಕೊಡುವುದಿಲ್ಲ. ಅದು ಅಪಾಯ ತಗ್ಗಿಸುತ್ತದೆ, ಪೂರ್ತಿ ಕಳೆಯುವುದಿಲ್ಲ.

ಆದ್ದರಿಂದ ಗಾಜು ಬೇಕೇ ಬೇಕು ಅನ್ನುವವರಿಗೆ ನಾನು ಎರಡು ಷರತ್ತು ಹಾಕುತ್ತೇನೆ. ಗಾಜು ಲ್ಯಾಮಿನೇಟೆಡ್ ಆಗಿರಬೇಕು, ಅಂದರೆ ಎರಡು ಟಫನ್ಡ್ ಗಾಜಿನ ನಡುವೆ ಪಾರದರ್ಶಕ ಪದರ ಅಂಟಿಸಿದ್ದು. 13.52 ಅಥವಾ 17.52 ಮಿಲಿಮೀಟರ್ ಎಂದು ಕೊಟೇಶನ್‌ನಲ್ಲಿ ಬರುವುದು ಇದೇ. ಆ 1.52 ನಡುವಿನ ಪದರದ ದಪ್ಪ. ಎರಡನೆಯದು, ಮೇಲೆ ಹ್ಯಾಂಡ್‌ರೇಲ್ ಇರಬೇಕು, ಅದು ಎರಡೂ ತುದಿಯಲ್ಲಿ ಗೋಡೆಗೋ ಕಂಬಕ್ಕೋ ಭದ್ರವಾಗಿರಬೇಕು. ಲ್ಯಾಮಿನೇಟೆಡ್ ಗಾಜಿನ ಒಂದು ಹಾಳೆ ಒಡೆದರೆ ಇನ್ನೊಂದು ನಿಲ್ಲುತ್ತದೆ. ಎರಡೂ ಒಡೆದರೆ ಚೂರು ಉದುರದಿದ್ದರೂ ಹಾಳೆ ಬಳುಕಿ ಬಾಗುತ್ತದೆ. ಆಗ ಮನುಷ್ಯನನ್ನು ತಡೆಯುವುದು ಮೇಲಿನ ಆ ಪೈಪೇ. ಹ್ಯಾಂಡ್‌ರೇಲ್ ಇಲ್ಲದ ಗಾಜು ಫೋಟೊದಲ್ಲಿ ಚೆಂದ, ಒಪ್ಪುತ್ತೇನೆ. ಆದರೂ ಎರಡನೇ ಮಹಡಿಯ ಬಾಲ್ಕನಿಗೆ ಅದನ್ನು ನಾನು ಬರೆದುಕೊಡುವುದಿಲ್ಲ.

ಅಳತೆ ಗಾಜು ತರಿಸುವ ಮೊದಲೇ ಪಕ್ಕಾ ಆಗಿರಬೇಕು. ಟಫನ್ ಮಾಡಿದ ಗಾಜನ್ನು ಕತ್ತರಿಸುವುದಾಗಲಿ ತೂತು ಕೊರೆಯುವುದಾಗಲಿ ಸಾಧ್ಯವಿಲ್ಲ. ಕೆಳಗೆ ಅಲ್ಯೂಮಿನಿಯಂ ಚಾನಲ್ ಇಟ್ಟು ಗಾಜು ನಿಲ್ಲಿಸುವುದಾದರೆ ಚಾನಲ್‌ನಿಂದ ನೀರು ಹೊರಹೋಗಲು ತೂತು ಬಿಟ್ಟಿದ್ದಾರಾ ನೋಡಿ. ನಿಂತ ನೀರು ನಡುವಿನ ಪದರದೊಳಗೆ ಸೇರಿ ಅಂಚಿನಿಂದ ಗಾಜು ಬಿಳಿಚಿಕೊಳ್ಳುತ್ತದೆ. ಸಿಲಿಕೋನ್ ಹಚ್ಚುವಾಗ ವಿನಿಗರ್ ವಾಸನೆ ಬಂದರೆ ಅಲ್ಲೇ ನಿಲ್ಲಿಸಿ. ಆ ಬಗೆಯ ಸಿಲಿಕೋನ್ ಲ್ಯಾಮಿನೇಟೆಡ್ ಗಾಜಿನ ಪದರವನ್ನು ಕೆಡಿಸುತ್ತದೆ. ನ್ಯೂಟ್ರಲ್ ಎಂದು ಬರೆದ ಟ್ಯೂಬ್ ತರಿಸಿ.

ಗಾಳಿಯ ಲೆಕ್ಕವನ್ನು ಮನೆಗಳಲ್ಲಿ ಯಾರೂ ಕೇಳುವುದೇ ಇಲ್ಲ. ಕಂಬಿಗಳ ನಡುವೆ ಗಾಳಿ ಹಾದುಹೋಗುತ್ತದೆ, ಗಾಜು ಪೂರ್ತಿ ತಡೆಯುತ್ತದೆ. ಬೆಂಗಳೂರಿಗೆ ಸಂಹಿತೆ ಕೊಡುವ ಮೂಲ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39. ಒತ್ತಡಕ್ಕೆ ಇಳಿಸಿದರೆ ಚದರ ಮೀಟರಿಗೆ ಸುಮಾರು 65 ಕೆಜಿ ಮತ್ತು 90 ಕೆಜಿ. ಮಹಡಿ ಏರಿದಂತೆ ಇದೂ ಏರುತ್ತದೆ. ಎತ್ತರದ ಫ್ಲ್ಯಾಟಿನಲ್ಲಿ ಗಾಜು ಹಾಕುವವರು ಬುಡದ ಬೋಲ್ಟಿಗೆ ಇದನ್ನೂ ಸೇರಿಸಿ ಲೆಕ್ಕ ಹಾಕಿಸಬೇಕು.

ಲೋಹದ ಕಡೆ ಬಂದರೆ ಮೋಸ ಆಗುವುದು ಹೆಸರಿನಲ್ಲಿ. 'ಎಸ್ಸೆಸ್', ಅಂದರೆ ಸ್ಟೇನ್‌ಲೆಸ್ ಸ್ಟೀಲ್, ಎಂದು ಬರೆದ ಮಾತ್ರಕ್ಕೆ ತುಕ್ಕು ಹಿಡಿಯುವುದಿಲ್ಲ ಎಂದಲ್ಲ. ಅಗ್ಗದ ರೇಲಿಂಗಿನಲ್ಲಿ ಬರುವುದು 202 ದರ್ಜೆ. ಇದರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಸೇರಿಸಿರುತ್ತಾರೆ. ಹೊರಗಿನ ಬಾಲ್ಕನಿಗೆ ಕನಿಷ್ಠ 304 ಇರಲಿ, ಅದರಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಆಯಸ್ಕಾಂತ ಹಿಡಿದು ನೋಡಿ ಸಾಕು ಎಂದು ಬಹಳ ಜನ ನಂಬಿದ್ದಾರೆ. 202 ಕೂಡ 304ರ ಹಾಗೆ ಆಯಸ್ಕಾಂತಕ್ಕೆ ಅಂಟುವುದಿಲ್ಲ, ಆ ಪರೀಕ್ಷೆಯಿಂದ ಎರಡರ ವ್ಯತ್ಯಾಸ ಸಿಗದು. ಒಂದೆರಡು ಹನಿ ಹಾಕಿ ಬಣ್ಣ ನೋಡುವ ಸಣ್ಣ ಪರೀಕ್ಷಾ ಕಿಟ್ ಸಿಗುತ್ತದೆ, ಪೈಪ್ ಇಳಿಸಿದ ದಿನವೇ ನೋಡಿಬಿಡಿ. ಬಿಲ್ಲಿನಲ್ಲಿ ದರ್ಜೆ ಬರೆಸಿಕೊಳ್ಳಿ.

ಉಡುಪಿ, ಮಂಗಳೂರು, ಕಾರವಾರದಲ್ಲಿ ಸಮುದ್ರದ ಹತ್ತಿರದ ಮನೆಗಳಿಗೆ 304 ಕೂಡ ಸಾಲದು. ಉಪ್ಪು ಗಾಳಿಗೆ ಅದರ ಮೇಲೆ ಚಹಾ ಬಣ್ಣದ ಕಲೆ ಏಳುತ್ತದೆ. ಮಾಲಿಬ್ಡಿನಂ ಸೇರಿದ 316 ಬೇಕು. ಅದಕ್ಕೂ ಆಗಾಗ ಸಿಹಿನೀರಿನಲ್ಲಿ ತೊಳೆಯುವ ಆರೈಕೆ ಬೇಕು.

ಒಳ್ಳೆಯ 304 ಕೂಡ ಗೃಹಪ್ರವೇಶಕ್ಕೆ ಮೊದಲೇ ಹಾಳಾಗುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಟೈಲ್ಸ್ ಮೇಲಿನ ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಹಾಕಿ ತೊಳೆಯುತ್ತಾರಲ್ಲ, ಅದರ ಹಬೆಯೇ ಸಾಕು, ಸ್ಟೀಲಿನ ಮೈಯಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತದೆ. ಪಕ್ಕದಲ್ಲೇ ಯಾರಾದರೂ ಸಾದಾ ಕಬ್ಬಿಣ ಗ್ರೈಂಡ್ ಮಾಡಿದರೆ ಕಿಡಿಯಾಗಿ ಹಾರಿದ ಕಬ್ಬಿಣದ ಪುಡಿ ಸ್ಟೀಲಿಗೆ ಕಚ್ಚಿಕೊಂಡು ತುಕ್ಕು ಹಿಡಿಯುತ್ತದೆ. ಮನೆಯವರು ಸ್ಟೀಲ್ ಕೊಟ್ಟವನ ಜೊತೆ ಜಗಳಕ್ಕೆ ಹೋಗುತ್ತಾರೆ. ಆ್ಯಸಿಡ್ ವಾಶ್ ಪೂರ್ತಿ ಮುಗಿದು, ನೀರು ಹಾಕಿ ತೊಳೆದ ಮೇಲೆಯೇ ರೇಲಿಂಗ್ ಕೂರಿಸಲು ಹೇಳಿ.

ಎಂಎಸ್ ಅಂದರೆ ಸಾದಾ ಕಬ್ಬಿಣ. ಗಾಜು, ಎಸ್ಸೆಸ್, ಎಂಎಸ್ ಮೂರರಲ್ಲಿ ಇದೇ ಅಗ್ಗ, ಸಿಟ್‌ಔಟಿಗೂ ಹಳೆಯ ಮಾದರಿ ಮನೆಗೂ ಚೆಂದ ಒಪ್ಪುತ್ತದೆ. ಇದನ್ನು ಕೀಳಾಗಿ ಕಾಣಬೇಡಿ. ಸೈಟಿನಲ್ಲಿ ವೆಲ್ಡ್ ಮಾಡಿ ಮೇಲೊಂದು ಕೋಟ್ ರೆಡ್ ಆಕ್ಸೈಡ್ ಪ್ರೈಮರ್ ಬಳಿದರೆ ಬೇಗ ತುಕ್ಕು ಹಿಡಿಯುತ್ತದೆ. ವರ್ಕ್‌ಶಾಪಿನಲ್ಲೇ ತುಂಡುಗಳನ್ನು ಮಾಡಿ, ಸತುವಿನಲ್ಲಿ ಅದ್ದಿ ಗ್ಯಾಲ್ವನೈಸ್ ಮಾಡಿಸಿ, ಆಮೇಲೆ ಪೌಡರ್ ಕೋಟಿಂಗ್ ಕೊಡಿಸಿ, ಸೈಟಿನಲ್ಲಿ ಬರೀ ಬೋಲ್ಟ್ ಹಾಕಿದರೆ ಬಹಳ ಕಾಲ ಬಾಳುತ್ತದೆ. ಪೊಳ್ಳು ಪೈಪಿನೊಳಗೆ ನೀರು ಸೇರಿದರೆ ಒಳಗಿನಿಂದ ತುಕ್ಕು ಶುರುವಾಗುತ್ತದೆ, ಹೊರಗೆ ಕಾಣುವಾಗ ತಡವಾಗಿರುತ್ತದೆ. ಪೈಪಿನ ತುದಿ ಮುಚ್ಚಿಸಿ.

ಮಕ್ಕಳಿರುವ ಮನೆಯಲ್ಲಿ ಅಡ್ಡ ಪೈಪಿನ ರೇಲಿಂಗ್ ಬೇಡವೇ ಬೇಡ. ಹತ್ತಲು ಅದಕ್ಕಿಂತ ಅನುಕೂಲ ಇನ್ನೇನಿದೆ? ನೇರ ಕಂಬಿಗಳೇ ಇರಲಿ, ಎರಡರ ನಡುವೆ 10 ಸೆಂಟಿಮೀಟರಿಗಿಂತ ಹೆಚ್ಚು ಜಾಗ ಬೇಡ. ಅಮೆರಿಕ, ಬ್ರಿಟನ್ನಿನ ನಿಯಮಗಳೂ ಈ ಅಳತೆಯನ್ನೇ ಹೇಳುತ್ತವೆ. ಮಗುವಿನ ತಲೆ ಅಲ್ಲಿ ತೂರಬಾರದು. ಈ ವಿಷಯದಲ್ಲಿ ಗಾಜು ಮುಂದೆ, ಅದರಲ್ಲಿ ಕಾಲಿಡಲು ಜಾಗವೇ ಇಲ್ಲ. ಕುರ್ಚಿ, ಹೂಕುಂಡ ರೇಲಿಂಗಿನ ಬಳಿ ಇಟ್ಟರೆ ಮಾತ್ರ ಎರಡೂ ಒಂದೇ.

ಹಾಗಾದರೆ ನನ್ನ ಆಯ್ಕೆ? 30x40 ಸೈಟಿನ ಮನೆ, ಎದುರಿಗೆ 30 ಅಡಿ ರಸ್ತೆ, ರಸ್ತೆಯಾಚೆ ಇನ್ನೊಂದು ಮನೆಯ ಬಾಲ್ಕನಿ ಇದ್ದರೆ ನೇರ ಕಂಬಿಯ ಲೋಹದ ರೇಲಿಂಗ್. ಅಂಥ ಕಡೆ ಗಾಜು ಹಾಕಿಸಿದವರು ಒಣಗಿ ಹಾಕಿದ ಬಟ್ಟೆಯೆಲ್ಲ ಬೀದಿಗೆ ಕಾಣುತ್ತದೆಂದು ಮತ್ತೆ ಪರದೆ ಕಟ್ಟಿಸುತ್ತಾರೆ. ಬೋರ್‌ವೆಲ್ಲಿನ ಗಡಸು ನೀರು ಬಿದ್ದರೆ ಗಾಜಿನ ಮೇಲೆ ಬಿಳಿ ಕಲೆ ಕೂರುತ್ತದೆ, ಹೊರಮೈ ಒರೆಸಲು ಕೈ ಎಟುಕುವುದಿಲ್ಲ. ರಾಯಚೂರು, ಕಲಬುರಗಿಯಂಥ 40 ಡಿಗ್ರಿ ದಾಟುವ ಊರಿನಲ್ಲಿ ಗಾಜು ಗಾಳಿಯನ್ನೂ ತಡೆದು ಬಾಲ್ಕನಿಯನ್ನು ಬೇಯಿಸುತ್ತದೆ. ಸಕಲೇಶಪುರದ ತೋಟದ ಮನೆಯ ಮುಂದೆ ಕಣಿವೆ ಇದ್ದರೆ, ಕೂತಲ್ಲಿಂದಲೇ ಅದನ್ನು ನೋಡಬೇಕು ಅನ್ನಿಸಿದರೆ, ಆಗ ಗಾಜಿಗೆ ಖರ್ಚು ಮಾಡುವುದು ನ್ಯಾಯ. ಇಡೀ ಮನೆಗೆ ಒಂದೇ ಬಗೆ ಇರಬೇಕೆಂದೇನೂ ಇಲ್ಲ. ಆ ಒಂದು ಬಾಲ್ಕನಿಗೆ ಮಾತ್ರ ಗಾಜು ಹಾಕಿ.

ಕೊಟೇಶನ್ ತೆಗೆದುಕೊಳ್ಳುವಾಗ ಅಡಿಗೆ ಇಷ್ಟು ಎಂಬ ಒಂದೇ ಸಾಲಿಗೆ ಒಪ್ಪಬೇಡಿ. ಸ್ಟೀಲಿನ ದರ್ಜೆ, ಪೈಪಿನ ಗೋಡೆಯ ದಪ್ಪ, ಗಾಜಿನ ಪೂರ್ತಿ ವಿವರ, ಕಂಬಗಳ ಅಂತರ, ಬೋಲ್ಟಿನ ಅಳತೆ, ಅದು ಕಾಂಕ್ರೀಟಿನೊಳಗೆ ಎಷ್ಟು ಇಳಿಯುತ್ತದೆ, ಎಲ್ಲ ಬರೆದಿರಲಿ. ಕೆಲಸ ಮುಗಿದ ದಿನ ಬಾಲ್ಕನಿಯೊಳಗೆ ನಿಂತು, ಮೈಭಾರ ಬಿಡದೆ, ಪ್ರತಿ ಕಂಬದ ಮೇಲ್ತುದಿಯನ್ನು ಕೈಯಿಂದ ಹಿಂದೆ ಮುಂದೆ ಎಳೆದು ನೋಡಿ. ಬುಡದ ಪ್ಲೇಟಿನ ಹತ್ತಿರ ಕೂದಲೆಳೆಯಷ್ಟು ಅಲುಗಾಟ ಕಂಡರೂ ಕೊನೆಯ ಕಂತಿನ ಹಣ ಕೊಡುವ ಮೊದಲು ಆ ಕಂಬ ಬಿಚ್ಚಿಸಿ, ಬೋಲ್ಟ್ ಎಲ್ಲಿ ನಿಂತಿದೆ ಎಂದು ಕಣ್ಣಾರೆ ನೋಡಿ.