ಹಾಸನದ ಡಾಕ್ಟರ್ ಲಿಸ್ಟ್ ಕ್ಲೌಡ್‌ಗೆ ಹೋದ ಕಥೆ

ಹಾಸನದ ಕೆ.ಆರ್. ಪುರಂನಲ್ಲಿ ಮಧ್ಯಾಹ್ನ ಒಂದೂವರೆ ಹೊತ್ತಿಗೆ ಓಡಾಡಿ ನೋಡಿ. ಕ್ಲಿನಿಕ್‌ಗಳ ಮುಂದೆ ಬ್ಯಾಗ್ ಹಿಡಿದ ನಾಲ್ಕೈದು ಜನ ರೆಪ್‌ಗಳು, ಅಂದರೆ ಔಷಧ ಕಂಪನಿಯ ಪ್ರತಿನಿಧಿಗಳು, ಇದ್ದೇ ಇರುತ್ತಾರೆ. ಕೊನೆಯ ಪೇಷಂಟ್ ಹೊರಗೆ ಬಂದ ಮೇಲೆ ಇವರಿಗೆ ಕರೆ ಬರುತ್ತದೆ. ಡಾಕ್ಟರ್ ಎದುರು ಸಿಗುವುದು ಎರಡು ನಿಮಿಷ. ಹೊರಗೆ ಬಂದವರೇ ಮೆಟ್ಟಿಲ ಮೇಲೆ ನಿಂತು ಫೋನ್ ತೆಗೆಯುತ್ತಾರೆ. ಯಾವ ಡಾಕ್ಟರ್, ಎಷ್ಟು ಹೊತ್ತಿಗೆ, ಯಾವ ಔಷಧಿಯ ಮಾತಾಯಿತು, ಎಷ್ಟು ಸ್ಯಾಂಪಲ್ ಕೊಟ್ಟಿದ್ದು, ಎಲ್ಲ ಆ್ಯಪ್‌ನಲ್ಲಿ ತುಂಬಿ ಒತ್ತಿದರೆ ಕಂಪನಿಯ ಕ್ಲೌಡ್ ಸೇರಿತು.

ನಾನೂ ಆ ಮೆಟ್ಟಿಲ ಮೇಲೆ ವರ್ಷಗಟ್ಟಲೆ ನಿಂತವನು. ಹಾಸನ ನನ್ನ ಹೆಡ್‌ಕ್ವಾರ್ಟರ್. ಬೇಲೂರು, ಸಕಲೇಶಪುರ, ಅರಸೀಕೆರೆಗೆ ಹೋಗಿ ಸಂಜೆಗೆ ವಾಪಸ್. ಚಿಕ್ಕಮಗಳೂರು, ಮೂಡಿಗೆರೆ ಕಡೆ ಹೋದರೆ ಲಾಡ್ಜ್‌ನಲ್ಲಿ ಒಂದು ರಾತ್ರಿ. ಆಮೇಲೆ ಬೆಂಗಳೂರಿಗೆ ಹೋಗಿ, ರೆಪ್‌ಗಳು ಹೀಗೆ ತುಂಬುವ ಡಾಕ್ಟರ್‌ಗಳ ಲಿಸ್ಟ್‌ಗಳನ್ನು ಸರಿ ಮಾಡುವ ಕೆಲಸ ಮಾಡಿದೆ. ಎರಡೂ ಕಡೆ ಕೂತು ನೋಡಿದ ಮೇಲೆ ಒಂದು ಪ್ರಶ್ನೆ ತಲೆಯಿಂದ ಹೋಗುತ್ತಿಲ್ಲ. ಈ ಲಿಸ್ಟ್ ನಿಜಕ್ಕೂ ಯಾರದ್ದು?

ಔಷಧ ಕಂಪನಿಯವರ ಬಾಯಲ್ಲಿ 'ಕಸ್ಟಮರ್' ಅಂದರೆ ಮಾತ್ರೆ ನುಂಗುವ ನಾವಲ್ಲ. ಚೀಟಿ ಬರೆಯುವ ಡಾಕ್ಟರ್. ಆಸ್ಪತ್ರೆ, ಮೆಡಿಕಲ್ ಶಾಪ್, ಸ್ಟಾಕಿಸ್ಟ್ ಎಲ್ಲ ಆಮೇಲೆ. ಹಾಗಾಗಿ ಇವರ ಕಸ್ಟಮರ್ ಡೇಟಾ ಅಂದರೆ ಮುಖ್ಯವಾಗಿ ಡಾಕ್ಟರ್‌ಗಳ ಲಿಸ್ಟ್.

ಮೊದಲು ಅದು ಡೈರಿಯಲ್ಲಿತ್ತು. ನನಗಿಂತ ಹಿರಿಯ ರೆಪ್‌ಗಳು ಹೇಳುತ್ತಿದ್ದರು: ಡಿಸಿಆರ್, ಅಂದರೆ ಡೈಲಿ ಕಾಲ್ ರಿಪೋರ್ಟ್, ಕಾರ್ಬನ್ ಹಾಳೆ ಇಟ್ಟು ರಾತ್ರಿ ಲಾಡ್ಜ್‌ನಲ್ಲಿ ಕೂತು ಬರೆಯಬೇಕಿತ್ತು. ಒಂದು ಪ್ರತಿ ಮ್ಯಾನೇಜರ್‌ಗೆ, ಒಂದು ಹೆಡ್ ಆಫೀಸಿಗೆ ಅಂಚೆಯಲ್ಲಿ. ಆದರೆ ಅಸಲು ಮಾಲು ಡಿಸಿಆರ್‌ನಲ್ಲಿ ಇರುತ್ತಿರಲಿಲ್ಲ, ಜೇಬಿನ ಡೈರಿಯಲ್ಲಿ ಇರುತ್ತಿತ್ತು. ಈ ಡಾಕ್ಟರ್ ಗುರುವಾರ ಬೇಲೂರಿಗೆ ಹೋಗ್ತಾರೆ. ಇವರಿಗೆ ಸಂಜೆ ಏಳರ ಮೇಲೆ ಸಿಡುಕು. ಇವರ ಕಾಂಪೌಂಡರ್‌ಗೆ ಮೊದಲು ನಮಸ್ಕಾರ ಹೇಳಬೇಕು. ರೆಪ್ ಕೆಲಸ ಬಿಟ್ಟರೆ ಡೈರಿಯೂ ಅವನ ಜೊತೆ ಹೋಯಿತು. ಹೊಸಬ ಮೆಡಿಕಲ್ ಶಾಪ್ ಮುಂದೆ ನಿಂತು 'ಅಣ್ಣ, ಇಲ್ಲಿ ಯಾವ ಡಾಕ್ಟರ್ ಚೀಟಿ ಜಾಸ್ತಿ ಬರುತ್ತೆ?' ಎಂದು ಮೊದಲಿಂದ ಶುರು ಮಾಡಬೇಕು. ಕಂಪನಿಗಳಿಗೆ ಇದೇ ದೊಡ್ಡ ತಲೆನೋವಾಗಿತ್ತು. ಸಂಬಳ ಕೊಟ್ಟು ಬೆಳೆಸಿದ ಲಿಸ್ಟ್ ಕೈಯಲ್ಲಿ ನಿಲ್ಲುತ್ತಿರಲಿಲ್ಲ.

ಅಮೆರಿಕದಲ್ಲಿ ಹೀಗಿರಲಿಲ್ಲ. ಅಲ್ಲಿನ ವೈದ್ಯರ ಸಂಘ 1906ರಿಂದಲೇ ದೇಶದ ವೈದ್ಯರ ಕಡತವೊಂದನ್ನು ಇಟ್ಟುಕೊಂಡು ಬಂದಿದೆ. 1954ರಲ್ಲಿ ಐಎಂಎಸ್ ಎಂಬ ಕಂಪನಿ ಹುಟ್ಟಿತು. ಔಷಧ ಮಾರಾಟದ ಲೆಕ್ಕ ಕೂಡಿಹಾಕಿ ಔಷಧ ಕಂಪನಿಗಳಿಗೆ ಮಾರುವುದೇ ಅದರ ವ್ಯಾಪಾರ. ಇವತ್ತು ಐಕ್ಯೂವಿಯಾ ಎಂಬ ಹೆಸರಲ್ಲಿ ಇರುವುದು ಇದೇ. 2007ರ ಹೊತ್ತಿಗೆ ಅಲ್ಲಿನ ವೈದ್ಯರಿಗೆ ಎನ್‌ಪಿಐ ಎಂಬ ಹತ್ತು ಅಂಕಿಯ ನಂಬರ್ ಬಂತು. ಹೆಸರು ಹೇಗೇ ಬರೆಯಿರಿ, ನಂಬರ್ ಒಂದೇ.

ನಮ್ಮಲ್ಲಿ ಆ ಅನುಕೂಲ ಬಹಳ ಕಾಲ ಇರಲಿಲ್ಲ. ರಿಜಿಸ್ಟ್ರೇಷನ್ ನಂಬರ್ ಕೊಡುವುದು ಆಯಾ ರಾಜ್ಯದ ಮೆಡಿಕಲ್ ಕೌನ್ಸಿಲ್. ಕರ್ನಾಟಕದಲ್ಲಿ ಒಬ್ಬರಿಗಿರುವ ನಂಬರೇ ಮಹಾರಾಷ್ಟ್ರದಲ್ಲಿ ಇನ್ನೊಬ್ಬರಿಗೆ ಇರಬಹುದು. ಇಡೀ ದೇಶಕ್ಕೆ ಒಂದೇ ಗುರುತು ಕೊಡುವ ರಾಷ್ಟ್ರೀಯ ವೈದ್ಯಕೀಯ ರಿಜಿಸ್ಟರ್‌ನ ಪೋರ್ಟಲ್ ಶುರುವಾಗಿದ್ದು 2024ರ ಆಗಸ್ಟ್‌ನಲ್ಲಿ. ಅಲ್ಲಿಯವರೆಗೆ, ಈಗಲೂ ಬಹುಪಾಲು, ಕಂಪನಿಯ ಲಿಸ್ಟ್ ನಿಂತಿರುವುದು ಹೆಸರಿನ ಮೇಲೆ.

ನಮ್ಮ ಕಡೆ ಹೆಸರು ಅಂದರೆ ಏನು ಎಂದು ನಮಗೆ ಗೊತ್ತು, ಅಲ್ವಾ? ಎಚ್.ಎಸ್. ರಮೇಶ್ ಎಂಬ ಡಾಕ್ಟರ್ ಇದ್ದಾರೆ ಎಂದು ಸುಮ್ನೆ ಇಟ್ಟುಕೊಳ್ಳಿ. ಎಚ್ ಅಂದರೆ ಹೊಳೆನರಸೀಪುರ. ಎಸ್ ಅಂದರೆ ತಂದೆ ಶಿವಣ್ಣ. ಮನೆತನದ ಹೆಸರು ಅನ್ನೋದೇ ಇಲ್ಲ. ಆದರೆ ಹೊರದೇಶದಲ್ಲಿ ಹುಟ್ಟಿದ ಸಾಫ್ಟ್‌ವೇರ್ ಫಸ್ಟ್ ನೇಮ್, ಲಾಸ್ಟ್ ನೇಮ್ ಎರಡನ್ನೂ ತುಂಬದೆ ಮುಂದೆ ಬಿಡುವುದಿಲ್ಲ. ಒಬ್ಬ ರೆಪ್ ಫಸ್ಟ್ ನೇಮ್ ರಮೇಶ್, ಲಾಸ್ಟ್ ನೇಮ್ ಎಚ್.ಎಸ್. ಅಂತ ತುಂಬುತ್ತಾನೆ. ಇನ್ನೊಬ್ಬ ಅದನ್ನೇ ತಿರುಗಿಸಿ ಹಾಕುತ್ತಾನೆ. ಡಾಕ್ಟರ್ ಲೆಟರ್‌ಹೆಡ್‌ನಲ್ಲಿ ರಮೇಶ್ ಗೌಡ ಎಂದಿದ್ದರೆ ಮೂರನೆಯವನು ಹಾಗೇ ಬರೆಯುತ್ತಾನೆ. ಅವರು ವಾರಕ್ಕೊಂದು ದಿನ ಬೇಲೂರಿನ ನರ್ಸಿಂಗ್ ಹೋಂಗೆ ವಿಸಿಟಿಂಗ್ ಹೋಗುತ್ತಾರಾದರೆ ಅಲ್ಲಿ ನಾಲ್ಕನೆಯ ರಮೇಶ್ ಹುಟ್ಟಿಕೊಳ್ಳುತ್ತಾರೆ.

ಊರಿನ ಹೆಸರಿನದೂ ಇದೇ ಪಾಡು. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು. ಇಂಗ್ಲಿಷಿನಲ್ಲಿ 'ಚಿಕ್‌ಮಗಳೂರ್' ಆಗಿದ್ದದ್ದು ಅವತ್ತು 'ಚಿಕ್ಕಮಗಳೂರು' ಆಯಿತು. ನಮಗೆ ಸಂತೋಷದ ವಿಷಯ. ಆದರೆ ಕಂಪ್ಯೂಟರ್‌ಗೆ ಅವು ಎರಡು ಊರು. 577101 ಎಂಬ ಪಿನ್‌ಕೋಡ್ ಒಂದೇ ಇದ್ದದ್ದರಿಂದ ಎಷ್ಟೋ ಸಲ ನಮ್ಮ ಕೆಲಸ ಉಳಿಯಿತು.

ಕಂಪನಿಗಳು ಒಂದನ್ನೊಂದು ಕೊಂಡುಕೊಂಡಾಗ ಈ ಗೋಜಲು ಇನ್ನೂ ಹೆಚ್ಚುತ್ತದೆ. 2010ರಲ್ಲಿ ಅಬಾಟ್ ಪಿರಾಮಲ್‌ನ ದೇಶೀಯ ಔಷಧ ವ್ಯವಹಾರವನ್ನು ಕೊಂಡಿತು. 2015ರಲ್ಲಿ ರ‍್ಯಾನ್‌ಬ್ಯಾಕ್ಸಿ ಸನ್ ಫಾರ್ಮಾದೊಳಗೆ ಸೇರಿತು. ಇಂಥ ಪ್ರತಿ ವ್ಯವಹಾರದಲ್ಲೂ ಎರಡು ಲಿಸ್ಟ್ ಒಂದಾಗಬೇಕು. ಎರಡರಲ್ಲೂ ಹಾಸನದ ಅದೇ ಡಾಕ್ಟರ್‌ಗಳು, ಬೇರೆ ಬೇರೆ ಸ್ಪೆಲ್ಲಿಂಗ್‌ನಲ್ಲಿ.

ಕಂಪ್ಯೂಟರ್ ಬಂದ ಮೇಲೂ ಮೊದಮೊದಲು ಲಿಸ್ಟ್ ಕಂಪನಿಯ ಸ್ವಂತ ಸರ್ವರ್‌ನಲ್ಲೇ ಇತ್ತು. ಇಂಥ ಸಾಫ್ಟ್‌ವೇರ್ ಮಾಡುವವರಲ್ಲಿ 1993ರಲ್ಲಿ ಶುರುವಾದ ಸೀಬೆಲ್ ಆ ಕಾಲದ ದೊಡ್ಡ ಹೆಸರು. 1999ರಲ್ಲಿ ಸೇಲ್ಸ್‌ಫೋರ್ಸ್ ಎಂಬ ಕಂಪನಿ ಬಂದು, ಸಾಫ್ಟ್‌ವೇರನ್ನು ನೀವು ಇಟ್ಟುಕೊಳ್ಳಬೇಡಿ, ನಮ್ಮಲ್ಲೇ ಇರಲಿ, ಇಂಟರ್‌ನೆಟ್‌ನಲ್ಲಿ ಬಳಸಿ ಬಾಡಿಗೆ ಕೊಡಿ ಎಂದಿತು. ಕ್ಲೌಡ್ ಅಂದರೆ ಇಷ್ಟೇ: ಬಾಡಿಗೆ ಮನೆ. ಸೇಲ್ಸ್‌ಫೋರ್ಸ್‌ನಲ್ಲಿ ಕೆಲಸ ಮಾಡಿದ್ದ ಪೀಟರ್ ಗ್ಯಾಸ್ನರ್ 2007ರಲ್ಲಿ ವೀವಾ ಎಂಬ ಕಂಪನಿ ಕಟ್ಟಿದರು. ಸೇಲ್ಸ್‌ಫೋರ್ಸ್ ಅಡಿಪಾಯದ ಮೇಲೆ ಔಷಧ ಕಂಪನಿಗಳಿಗೆಂದೇ ಸಾಫ್ಟ್‌ವೇರ್ ಮಾಡಿದರು.

ಔಷಧ ಕಂಪನಿಗಳು ಸುಲಭವಾಗಿ ಒಪ್ಪಲಿಲ್ಲ. ಅವರ ಹಿಂಜರಿಕೆಗೆ ಕಾರಣವಿತ್ತು. ಎಲೆಕ್ಟ್ರಾನಿಕ್ ದಾಖಲೆ ಮತ್ತು ಸಹಿಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1997ರಲ್ಲೇ ಕಟ್ಟುನಿಟ್ಟು ನಿಯಮ ಮಾಡಿತ್ತು. ಇಂಥ ದಾಖಲೆ ಹಿಡಿದಿಡುವ ಸಾಫ್ಟ್‌ವೇರ್ ಬದಲಾದಾಗಲೆಲ್ಲ ಪರೀಕ್ಷೆ ಮಾಡಿ ಕಾಗದ ಇಡಬೇಕು. ಸೇಲ್ಸ್‌ಫೋರ್ಸ್‌ನಂಥ ಕ್ಲೌಡ್‌ನಲ್ಲಿ ಬದಲಾವಣೆ ವರ್ಷಕ್ಕೆ ಮೂರು ಸಲ ತಾನಾಗಿ ಬರುತ್ತದೆ.

ಕೊನೆಗೆ ಅವರನ್ನು ತಳ್ಳಿದ್ದರಲ್ಲಿ ಕಾನೂನಿನ ಪಾಲು ದೊಡ್ಡದು. ಯಾವ ಡಾಕ್ಟರ್‌ಗೆ ಎಷ್ಟು ಕೊಟ್ಟಿರಿ ಎಂದು ಲೆಕ್ಕ ಒಪ್ಪಿಸಿ ಎಂದು ಅಮೆರಿಕ 2010ರಲ್ಲಿ ಕಾಯ್ದೆ ಮಾಡಿತು. 2014ರಿಂದ ಆ ಲೆಕ್ಕ ಯಾರು ಬೇಕಾದರೂ ನೋಡುವಂತೆ ಪ್ರಕಟವಾಗುತ್ತಿದೆ. ಒಬ್ಬ ಡಾಕ್ಟರ್ ನಾಲ್ಕು ಹೆಸರಲ್ಲಿದ್ದರೆ ಲೆಕ್ಕವೇ ಸುಳ್ಳು. ನಮ್ಮಲ್ಲಿ 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರ್ಕೆಟಿಂಗ್ ಸಂಹಿತೆಯೂ ಇದನ್ನೇ ಕೇಳುತ್ತದೆ. ಉಡುಗೊರೆ ಕೂಡದು. ಒಬ್ಬ ಡಾಕ್ಟರ್‌ಗೆ ಒಂದು ಔಷಧಿಯ ಸ್ಯಾಂಪಲ್ ವರ್ಷಕ್ಕೆ 12 ಪ್ಯಾಕ್ ಮೀರಬಾರದು. ಯಾರಿಗೆ, ಯಾವತ್ತು, ಎಷ್ಟು ಕೊಟ್ಟಿದ್ದು ಎಂಬ ದಾಖಲೆ ಇರಬೇಕು. ಈಗ ನಮ್ಮ ರಮೇಶ್ ಅವರನ್ನು ನೆನಪಿಸಿಕೊಳ್ಳಿ. ನಾಲ್ಕು ಹೆಸರಲ್ಲಿ ಹನ್ನೆರಡರಂತೆ 48 ಪ್ಯಾಕ್ ಹೋದರೂ ಕಂಪ್ಯೂಟರ್ ಎಲ್ಲ ಸರಿಯಾಗಿದೆ ಎನ್ನುತ್ತದೆ.

ಇದಕ್ಕೇ ಮಾಸ್ಟರ್ ಡೇಟಾ ಎಂಬ ಕೆಲಸ ಬೆಳೆದದ್ದು. ಹೆಸರು, ಫೋನ್, ಪಿನ್‌ಕೋಡ್, ರಿಜಿಸ್ಟ್ರೇಷನ್ ನಂಬರ್ ಹೋಲಿಸಿ ಯಂತ್ರ ಅಂಕ ಕೊಡುತ್ತದೆ. ಅಂಕ ಜಾಸ್ತಿ ಇದ್ದರೆ ತಾನೇ ಎರಡನ್ನು ಒಂದು ಮಾಡುತ್ತದೆ. ಕಡಿಮೆ ಇದ್ದರೆ ಬಿಡುತ್ತದೆ. ನಡುವೆ ಬಂದದ್ದನ್ನು ಮನುಷ್ಯ ನೋಡಬೇಕು. ಬೆಂಗಳೂರಿನಲ್ಲಿ ನಾನು ಮಾಡುತ್ತಿದ್ದದ್ದು ಆ ಕೆಲಸ.

ಒಂದು ದಿನ ಹಾಸನದ ಎರಡು ಹೆಸರು ನನ್ನ ಮುಂದೆ ಬಂದವು. ಕ್ಲಿನಿಕ್ ಒಂದೇ, ಲ್ಯಾಂಡ್‌ಲೈನ್ ಒಂದೇ, ಊರಿನ ಇನಿಷಿಯಲ್ ಒಂದೇ. ಒಂದರಲ್ಲಿ ರಿಜಿಸ್ಟ್ರೇಷನ್ ನಂಬರ್ ಖಾಲಿ. ಎರಡನ್ನೂ ಒಂದು ಮಾಡಿ ಒತ್ತಿದೆ. ಮೂರು ವಾರದ ಮೇಲೆ ಅಲ್ಲಿನ ರೆಪ್ ಫೋನ್ ಮಾಡಿದ. 'ಸಾರ್, ಅವರಿಬ್ಬರು ಅಪ್ಪ ಮಗಳು. ಅಪ್ಪ ಬೆಳಿಗ್ಗೆ ಕೂರ್ತಾರೆ, ಮೇಡಂ ಸಂಜೆ. ಮೇಡಂ ಹೆಸರೇ ಲಿಸ್ಟ್‌ನಿಂದ ಹೋಗಿದೆ, ನಾನು ಯಾರನ್ನ ನೋಡಿದೆ ಅಂತ ಬರೀಲಿ?' ಹಾಸನದಲ್ಲಿ ಬೆಳೆದ ನನಗೇ ಇದು ಹೊಳೆಯಲಿಲ್ಲ. ಒಬ್ಬರು ಇಬ್ಬರಾಗಿದ್ದರೆ ಆಮೇಲೆ ಸೇರಿಸಬಹುದು. ಇಬ್ಬರನ್ನು ಒಬ್ಬರು ಮಾಡಿದರೆ ಬಿಡಿಸುವುದು ಬಹಳ ಕಷ್ಟ. ಯಾವ ಭೇಟಿ ಯಾರದ್ದು, ಯಾವ ಸ್ಯಾಂಪಲ್ ಯಾರಿಗೆ, ಎಲ್ಲ ಕಲೆಸಿಹೋಗಿರುತ್ತದೆ. ಕೊನೆಗೆ ಅದನ್ನು ಬಿಡಿಸಿದ್ದು ಆ ರೆಪ್‌ನ ನೆನಪು.

ರೆಪ್ ಹೀಗೆ ಕಳಿಸುವ ತಿದ್ದುಪಡಿಗೆ ಈ ಸಾಫ್ಟ್‌ವೇರ್‌ಗಳಲ್ಲಿ ಡೇಟಾ ಚೇಂಜ್ ರಿಕ್ವೆಸ್ಟ್ ಎನ್ನುತ್ತಾರೆ. ಚಿಕ್ಕದಾಗಿ, ಡಿಸಿಆರ್. ಕಾರ್ಬನ್ ಹಾಳೆಯ ಕಾಲದ ಅದೇ ಮೂರಕ್ಷರ. ಎರಡನ್ನೂ ಬರೆಯುವವನು ಬೀದಿ ಸುತ್ತುವ ಅದೇ ಮನುಷ್ಯ. ಕೊಟ್ಟಿಗೆಹಾರದಲ್ಲಿ ಸಿಗ್ನಲ್ ಸಿಗದೆ, ಮೂಡಿಗೆರೆಗೆ ಬಂದ ಮೇಲೆ ಸಿಂಕ್ ಮಾಡಿದರೆ 'ತಡವಾಗಿ ತುಂಬಿದ್ದೀರಿ' ಎಂದು ಕೆಂಪು ಗುರುತು ಬೀಳುವುದೂ ಅವನಿಗೇ. ಇದು ನನಗೆ ಅನ್ಯಾಯ ಅನ್ನಿಸುತ್ತದೆ. ಲಿಸ್ಟ್ ಸರಿ ಇರುವುದು ಅವನಿಂದ. ಅದರಲ್ಲಿ ಅವನಿಗೆ ಮಾತ್ರ ಹಕ್ಕಿಲ್ಲ.

ಹಾಗಾದರೆ ಹಕ್ಕು ಯಾರಿಗೆ? ದೊಡ್ಡವರೇ ಇದಕ್ಕೆ ಕೋರ್ಟಿಗೆ ಹೋದರು. ಐಕ್ಯೂವಿಯಾದ ವೈದ್ಯರ ಡೇಟಾವನ್ನು ವೀವಾದ ಸಾಫ್ಟ್‌ವೇರ್ ಒಳಗೆ ಹಾಕಬಹುದೇ ಎಂಬ ಜಗಳ 2017ರಲ್ಲಿ ಶುರುವಾಗಿ, 2025ರ ಆಗಸ್ಟ್‌ನಲ್ಲಿ ರಾಜಿಯಲ್ಲಿ ಮುಗಿಯಿತು. ಎಂಟು ವರ್ಷ. ಈ ನಡುವೆ 2022ರ ಡಿಸೆಂಬರ್‌ನಲ್ಲಿ ವೀವಾ, ಸೇಲ್ಸ್‌ಫೋರ್ಸ್ ಅಡಿಪಾಯ ಬಿಟ್ಟು ತನ್ನದೇ ಅಡಿಪಾಯಕ್ಕೆ ಹೋಗುವುದಾಗಿ ಹೇಳಿತು. ಅಂದರೆ ಒಮ್ಮೆ ಕ್ಲೌಡ್‌ಗೆ ಬಂದ ಕಂಪನಿಗಳು ಈಗ ಒಂದು ಬಾಡಿಗೆ ಮನೆಯಿಂದ ಇನ್ನೊಂದಕ್ಕೆ ಸಾಮಾನು ಸಾಗಿಸಬೇಕು. ಸಾಗಿಸುವಾಗ ಹಳೆಯ ರಮೇಶ್‌ಗಳೆಲ್ಲ ಮತ್ತೆ ಎದ್ದು ಬರುತ್ತಾರೆ.

ಇಷ್ಟೆಲ್ಲ ನಡೆದರೂ ಒಬ್ಬರನ್ನು ಯಾರೂ ಕೇಳಿರಲಿಲ್ಲ. ಡಾಕ್ಟರ್‌ನ. ನಮ್ಮ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳ ಮೇಲೆ ಜಾರಿ. ತನ್ನ ಬಗ್ಗೆ ಏನಿದೆ ಎಂದು ಕೇಳುವ, ತಪ್ಪಿದ್ದರೆ ತಿದ್ದಿಸುವ ದಾರಿಯನ್ನು ಈ ಕಾಯ್ದೆ ತೆರೆಯುತ್ತದೆ. ದಂಡ 250 ಕೋಟಿ ರೂಪಾಯಿವರೆಗೆ. ತಾವೇ ಬಹಿರಂಗ ಮಾಡಿದ ಮಾಹಿತಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ. ಕ್ಲಿನಿಕ್ ಬೋರ್ಡಿನ ಮೇಲಿನ ಹೆಸರು ಬಹಿರಂಗ, ಸರಿ. ಆದರೆ ಅವರು ಯಾವ ಔಷಧಿ ಎಷ್ಟು ಬರೆಯುತ್ತಾರೆ ಎಂದು ನಾವು ಮೆಡಿಕಲ್ ಶಾಪ್‌ನಲ್ಲಿ ಕೇಳಿ ತುಂಬಿದ್ದು? ಅದನ್ನು ಅವರು ಯಾವ ಬೋರ್ಡಿನ ಮೇಲೂ ಬರೆಸಿರಲಿಲ್ಲ.

ನಾನು ರೆಪ್ ಆಗಿದ್ದಾಗ ಬೇಲೂರಿನ ಹಿರಿಯ ಡಾಕ್ಟರ್ ಒಬ್ಬರು, ನಾನು ಫೋನ್‌ನಲ್ಲಿ ತುಂಬುತ್ತಿದ್ದದ್ದನ್ನು ನೋಡಿ 'ಎಲ್ಲಿ, ತೋರಿಸಪ್ಪ' ಎಂದರು. ಕೊಟ್ಟೆ. ಕನ್ನಡಕ ಹಣೆಗೇರಿಸಿ ಓದಿದರು. ಹೆಸರು, ಕ್ಲಿನಿಕ್, ಕೊನೆಯ ಭೇಟಿ, ಪಕ್ಕದಲ್ಲಿ 'ಬಿ' ಎಂಬ ಅಕ್ಷರ.

'ಬಿ ಅಂದ್ರೆ ಏನು?'

ಚೀಟಿ ಲೆಕ್ಕದ ಮೇಲೆ ಡಾಕ್ಟರ್‌ಗಳನ್ನು ಎ, ಬಿ, ಸಿ ಎಂದು ಕಂಪನಿ ವಿಂಗಡಿಸುತ್ತದೆ ಎಂದು ಇದ್ದದ್ದು ಇದ್ದ ಹಾಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಫೋನ್ ವಾಪಸ್ ಕೊಟ್ಟು, 'ಅದು ಹೇಗಾದ್ರೂ ಇರಲಿ. ಎರಡನೇ ಇನಿಷಿಯಲ್ ಬಿಟ್ಟುಹೋಗಿದೆ ನೋಡು. ಅದು ನಮ್ಮಪ್ಪನ ಹೆಸರು' ಎಂದರು.

ಬೇಲೂರು ಬಸ್ ಸ್ಟ್ಯಾಂಡ್‌ನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಾ ತಿದ್ದುಪಡಿ ಕಳಿಸಿದೆ. 'ಆಧಾರ ಏನು' ಎಂಬ ಕಾಲಂನಲ್ಲಿ 'ಡಾಕ್ಟರೇ ಹೇಳಿದ್ದು' ಎಂದು ಬರೆದೆ.