ಗುಂಡಿ ಒತ್ತುವ ಬೆರಳು, ಮೋಟಾರು ತಿರುಗಿಸುವ ಬ್ಯಾಟರಿ

ಕಲಬುರಗಿಯ ತೊಗರಿಬೇಳೆ ಗಿರಣಿಗಳಲ್ಲಿ ಸ್ಟಾರ್ಟರಿನ ಹಸಿರು ಗುಂಡಿ ಒತ್ತಿದೊಡನೆ ಪೆಟ್ಟಿಗೆಯೊಳಗಿಂದ 'ಟಕ್' ಎಂಬ ಸದ್ದು ಬರುತ್ತದೆ. ಗುಂಡಿಯ ಮೂಲಕ ಹರಿಯುವುದು ಒಂದು ಸುರುಳಿಯನ್ನು ಅಯಸ್ಕಾಂತವಾಗಿಸುವಷ್ಟು ಅಲ್ಪ ವಿದ್ಯುತ್ತು. ಮೋಟಾರಿನ ಭಾರೀ ವಿದ್ಯುತ್ತು ಹರಿಯುವುದು ಆ ಅಯಸ್ಕಾಂತ ಎಳೆದು ಕೂಡಿಸಿದ ದಪ್ಪ ಸಂಪರ್ಕಗಳಲ್ಲಿ. ಹವ್ಯಾಸಿ ರೋಬಾಟಿನಲ್ಲಿ ಮೋಟಾರನ್ನು ಆಡಿಸುವ ಸರ್ಕಿಟ್, ಅಂದರೆ ಮೋಟಾರ್ ಡ್ರೈವರ್, ಮಾಡುವ ಕೆಲಸವೂ ಇದೇ.

ಡ್ರೈವರ್ ಮೋಟಾರಿಗೆ ಹೆಚ್ಚಿನ ಬಲ ಕೊಡುತ್ತದೆ ಎಂಬ ನಂಬಿಕೆ ನಮ್ಮ ವಿದ್ಯಾರ್ಥಿಗಳಲ್ಲಿ ಬಲವಾಗಿ ಬೇರೂರಿದೆ. ಬಲ ಬ್ಯಾಟರಿಯದು, ಅಪ್ಪಣೆ ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನದು, ಡ್ರೈವರ್ ನಡುವಿನ ಬಾಗಿಲು ಮಾತ್ರ. ಆರ್ಡುಯಿನೊ ಊನೊದ ಒಂದು ಪಿನ್ನಿನಿಂದ 20 ಮಿಲಿಆಂಪಿಯರ್‌ಗಿಂತ ಹೆಚ್ಚು ಎಳೆಯಬಾರದು. ಹಳದಿ ಗೇರ್ ಮೋಟಾರು ಭಾರವಿಲ್ಲದೆ ತಿರುಗುವಾಗಲೇ 100 ಮಿಲಿಆಂಪಿಯರ್ ದಾಟುತ್ತದೆ, ಚಕ್ರ ಸಿಕ್ಕಿಕೊಂಡರೆ ಅದರ ಹಲವು ಪಟ್ಟು.

ಡ್ರೈವರಿನೊಳಗೆ ಎಚ್ ಅಕ್ಷರದ ಆಕಾರದಲ್ಲಿ ನಾಲ್ಕು ಸ್ವಿಚ್ಚುಗಳಿದ್ದು, ಅಡ್ಡಗೆರೆಯ ಜಾಗದಲ್ಲಿ ಮೋಟಾರು ಕೂರುತ್ತದೆ. ಕರ್ಣದ ಒಂದು ಜೋಡಿ ಮುಚ್ಚಿದರೆ, ಅಂದರೆ ವಿದ್ಯುತ್ತು ಹರಿಯುವಂತೆ ಕೂಡಿದರೆ, ಮುಂದಕ್ಕೆ, ಇನ್ನೊಂದು ಜೋಡಿ ಮುಚ್ಚಿದರೆ ಹಿಂದಕ್ಕೆ. ಒಂದೇ ಬದಿಯ ಮೇಲಿನ ಮತ್ತು ಕೆಳಗಿನ ಸ್ವಿಚ್ಚುಗಳು ಒಟ್ಟಿಗೆ ಮುಚ್ಚಿದರೆ ಬ್ಯಾಟರಿಯ ಎರಡು ತುದಿಗಳು ನೇರವಾಗಿ ಕೂಡಿ ಡ್ರೈವರಿನ ಚಿಪ್ಪು ಸುಡುತ್ತದೆ. ಮೋಟಾರನ್ನು ಎರಡೂ ದಿಕ್ಕಿಗೆ ತಿರುಗಿಸುವ ಸ್ಟಾರ್ಟರುಗಳಲ್ಲಿ ಎರಡು ಕಾಂಟ್ಯಾಕ್ಟರುಗಳು (ಅಯಸ್ಕಾಂತ ಕೂಡಿಸುವ ಸ್ವಿಚ್ಚುಗಳು) ಏಕಕಾಲಕ್ಕೆ ಕೂಡದಂತೆ ಅಡ್ಡಿ ಇಟ್ಟಿರುವುದೂ ಇಂಥ ಅನಾಹುತವನ್ನು ತಪ್ಪಿಸಲೆಂದೇ.

ನನ್ನನ್ನು ಹೆಚ್ಚು ಸೆಳೆಯುವುದು ಸ್ವಿಚ್ಚು ತೆರೆದುಕೊಳ್ಳುವ, ಅಂದರೆ ವಿದ್ಯುತ್ತಿನ ದಾರಿ ಕಡಿಯುವ ಗಳಿಗೆ. ತೊಗರಿ ಚೀಲ ಹೇರಿದ ಬಂಡಿಯ ಎತ್ತುಗಳು ಗಕ್ಕನೆ ನಿಂತರೆ ಚೀಲಗಳು ಮುಂದಕ್ಕೆ ನುಗ್ಗುತ್ತವೆ. ತುಂಬಿ ಹರಿಯುವ ಪೈಪಿನ ವಾಲ್ವನ್ನು ಒಮ್ಮೆಲೇ ಮುಚ್ಚಿದರೆ ಇಡೀ ಪೈಪು ಅದುರುತ್ತದೆ. ಮೋಟಾರಿನ ಸುರುಳಿಯಲ್ಲಿ ಹರಿಯುವ ವಿದ್ಯುತ್ತೂ ತಟ್ಟನೆ ನಿಲ್ಲಲೊಲ್ಲದು: ಬ್ಯಾಟರಿಯ ವೋಲ್ಟೇಜನ್ನು ಎಷ್ಟೋ ಪಟ್ಟು ಮೀರಿದ ಪೆಟ್ಟನ್ನು ಹುಟ್ಟಿಸಿ ದಾರಿ ಹುಡುಕುತ್ತದೆ. ಆ ದಾರಿ ಒದಗಿಸುವುದು ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು. ಎಲ್293ಡಿ ಎಂಬ ಡ್ರೈವರ್ ಚಿಪ್ಪಿನಲ್ಲಿ ಡಯೋಡುಗಳು ಒಳಗೇ ಇವೆ. ಇನ್ನೊಂದು ಚಿಪ್ಪಾದ ಎಲ್298ರಲ್ಲಿ ಇಲ್ಲದ್ದರಿಂದ ಅದರ ಬೋರ್ಡಿನ ಮೇಲೆ ಸಾಮಾನ್ಯವಾಗಿ ಎಂಟು ಕಪ್ಪು ಡಯೋಡುಗಳು ಕಾಣುತ್ತವೆ. ಬಿಡಿಭಾಗಗಳಿಂದ ತಾವೇ ಸರ್ಕಿಟ್ ಕಟ್ಟುವವರು ಅವನ್ನು ಬಿಟ್ಟು, ಚಿಪ್ಪು ಸತ್ತ ಮೇಲೆ ನಸೀಬನ್ನು ದೂರುವುದು ನನಗೆ ನಿಜಕ್ಕೂ ಬೇಸರ ತರಿಸುತ್ತದೆ.

ನಮ್ಮ ಓಣಿಯ ಹುಡುಗನೊಬ್ಬನ ರೋಬಾಟು 7.4 ವೋಲ್ಟಿನ ಹೊಸ ಬ್ಯಾಟರಿಯಿದ್ದೂ ತೆವಳುತ್ತಿತ್ತು. ಎಲ್298ರ ಹೀಟ್‌ಸಿಂಕಿಗೆ ಬೆರಳು ತಾಗಿಸಿದೆ, ಚುರ್ರೆಂದಿತು. ಅದರ ಹಳೆಯ ಬಗೆಯ ಟ್ರಾನ್ಸಿಸ್ಟರುಗಳು ಒಂದು ಆಂಪಿಯರ್ ಹರಿಯುವಾಗ ಸುಮಾರು 2 ವೋಲ್ಟನ್ನು ತಾವೇ ನುಂಗಿ ಶಾಖವಾಗಿಸುತ್ತವೆ. ಕಡಿಮೆ ವೋಲ್ಟೇಜು ನುಂಗುವ ಮಾಸ್ಫೆಟ್ಟು ಬಗೆಯ ಟ್ರಾನ್ಸಿಸ್ಟರುಗಳಿರುವ ಟಿಬಿ6612 ಡ್ರೈವರ್ ಬೋರ್ಡು ಹಾಕಿ, ಬ್ಯಾಟರಿಯ ಮತ್ತು ಆರ್ಡುಯಿನೊದ ಗ್ರೌಂಡುಗಳನ್ನು (ಋಣ ತುದಿಗಳನ್ನು) ಒಂದುಗೂಡಿಸಿದೆವು. ಅದೇ ಬ್ಯಾಟರಿಯಲ್ಲಿ ರೋಬಾಟು ಶಹಾಬಾದ್ ಕಲ್ಲಿನ ನೆಲದ ಮೇಲೆ ಗೋಡೆಯವರೆಗೆ ಓಡಿತು.